ಹಿಪ್ ಆಪರೇಷನ್‌ನಲ್ಲಿ ತೆಗೆದ ಹೆಡ್ (ತೊಡೆ ಎಲುಬಿನ ಗುಂಡನೆಯ ತುದಿ) ಹಳದಿ ಕವರ್‌ಗೇ ಹೋಗಬೇಕಾ? ಎಲುಬು ಬ್ಯಾಂಕ್ ಬಗ್ಗೆ ನಮ್ಮ ಕಡೆ ಆರ್ಥೋದವರಿಗೆ (ಎಲುಬಿನ ಡಾಕ್ಟರ್‌ಗಳಿಗೆ) ಗೊತ್ತಿರೋದೆಷ್ಟು?

ಪ್ರಶ್ನೆ: ಬಳ್ಳಾರಿ_ಓಟಿ

ಎಲ್ಲರಿಗೂ ನಮಸ್ಕಾರ. ನಾನು ಬಳ್ಳಾರಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಓಟಿ (ಆಪರೇಷನ್ ಥಿಯೇಟರ್) ಟೆಕ್ನಿಷಿಯನ್. ಡಾಕ್ಟರ್ ಅಲ್ಲ, ಮೊದಲೇ ಹೇಳಿಬಿಡುತ್ತೇನೆ. ಆದರೆ ಆರ್ಥೋ ಕೇಸ್‌ಗಳ ಟೇಬಲ್ ಪಕ್ಕದಲ್ಲೇ ಇಷ್ಟು ವರ್ಷ ನಿಂತವನು. ಹಾಗಾಗಿ ಕೇಳುತ್ತಿದ್ದೇನೆ.

ನಮ್ಮಲ್ಲಿ ವಯಸ್ಸಾದವರ ಹಿಪ್ ಕೇಸ್ ಜಾಸ್ತಿ. ಬಚ್ಚಲಲ್ಲಿ ಜಾರಿದ ಅಜ್ಜಿ, ಹೊಲದ ಬದುವಿನ ಮೇಲೆ ಕಾಲು ತಪ್ಪಿದ ತಾತ. ತೊಡೆ ಎಲುಬಿನ ಕತ್ತು ಮುರಿದಿರುತ್ತದೆ. ಸರ್ ಕಾರ್ಕ್‌ಸ್ಕ್ರೂ ಹಾಕಿ ಹೆಡ್ ಹೊರಗೆ ತೆಗೆಯುತ್ತಾರೆ. ನಾನು ಅದನ್ನು ಗೇಜ್‌ನಲ್ಲಿ ಇಟ್ಟು ನೋಡಿ ‘ನಲವತ್ಮೂರು ಸರ್’, ‘ನಲವತ್ತೈದು ಸರ್’ ಅಂತ ಸೈಜ್ ಹೇಳುತ್ತೇನೆ. ಅದೇ ಸೈಜಿನ ಲೋಹದ ಹೆಡ್ ಒಳಗೆ ಹೋಗುತ್ತದೆ. ತೆಗೆದ ಹೆಡ್ ಹಳದಿ ಕವರ್‌ಗೆ ಬೀಳುತ್ತದೆ. ಆಸ್ಪತ್ರೆ ಕಸದ ವ್ಯಾನ್ ಬಂದು ಒಯ್ಯುತ್ತದೆ, ಸುಡುತ್ತಾರೆ.

ಅದೇ ಟೇಬಲ್ ಮೇಲೆ ಮರುದಿನವೋ ಅದರ ಮರುದಿನವೋ ಇನ್ನೊಂದು ಕೇಸ್ ಬರುತ್ತದೆ. ಸಂಡೂರು ಕಡೆ ಅದಿರಿನ ಲಾರಿ ಓಡಿಸುವವನು ಅಂತಿಟ್ಟುಕೊಳ್ಳಿ. ಮೊಣಕಾಲ ಕೆಳಗೆ ಮುರಿದು, ಮೊದಲು ನಾಟಿ ಕಟ್ಟು ಕಟ್ಟಿಸಿ, ಆಮೇಲೆ ಎಲ್ಲೋ ಪ್ಲೇಟ್ ಹಾಕಿಸಿ, ಎರಡರಲ್ಲೂ ಎಲುಬು ಕೂಡಿಲ್ಲ. ಸರ್ ಅವನ ಸೊಂಟದ ಎಲುಬು ಕೊಯ್ದು ಗ್ರಾಫ್ಟ್ (ಮುರಿದ ಜಾಗಕ್ಕೆ ತುಂಬುವ ಎಲುಬಿನ ಚೂರು) ತೆಗೆಯುತ್ತಾರೆ. ಕಾಲಿಗೊಂದು ಗಾಯ, ಸೊಂಟಕ್ಕೊಂದು. ಡ್ರೆಸ್ಸಿಂಗ್‌ಗೆ ಬಂದಾಗ ಇಂಥವರು ಗೊಣಗುವುದು ಕಾಲು ನೋವಿಗಲ್ಲ, ಸೊಂಟದ ನೋವಿಗೆ. ‘ಕಾಲು ಮುರಿದಿತ್ತು, ಸೊಂಟ ಯಾಕೆ ಕೊಯ್ದ್ರಿ ಸಾಮಿ’ ಅಂತ ನನ್ನನ್ನೇ ಕೇಳುತ್ತಾರೆ.

ಆ ಅಜ್ಜಿಯ ಹೆಡ್ ಇವನಿಗೆ ಯಾಕೆ ಆಗಬಾರದು? ರಕ್ತಕ್ಕೆ ಬ್ಯಾಂಕ್ ಇದೆ, ಕಣ್ಣಿಗೆ ಇದೆ. ಎಲುಬಿಗೂ ಇದೆ ಅಂತ ಓದಿದ್ದೇನೆ.

ಗೊತ್ತಿರುವ ಡಾಕ್ಟರ್‌ಗಳನ್ನು ಕೇಳಿದೆ. ಒಬ್ಬರು ‘ಇದೆಯಪ್ಪಾ, ಪರೀಕ್ಷೆಯಲ್ಲಿ ಒಂದೂವರೆ ಪುಟ ಬರೆದಿದ್ದೆ’ ಅಂತ ನಕ್ಕರು. ಇನ್ನೊಬ್ಬರು ‘ಬೇರೆಯವರ ಎಲುಬು ರಿಜೆಕ್ಟ್ ಆಗುತ್ತೆ ಬಿಡು’ ಅಂದರು. ಮತ್ತೊಬ್ಬರು ‘ಸ್ಟೆರೈಲ್ ಮಾಡೋಕೆ ಗಾಮಾ ಕಿರಣ ಕೊಟ್ಟಿರ್ತಾರೆ, ನನಗೆ ಅದೆಲ್ಲ ಬೇಡ’ ಅಂದರು. ಎಲ್ಲರೂ ಓದಿದವರೇ, ಕೈ ಚೆನ್ನಾಗಿರುವವರೇ. ಆದರೆ ‘ಬೇಕಾದರೆ ಎಲ್ಲಿಂದ ತರಿಸ್ತೀರಿ ಸರ್’ ಅಂದರೆ ಒಬ್ಬರ ಹತ್ತಿರವೂ ಉತ್ತರ ಇಲ್ಲ.

ಇದು ನಮ್ಮ ಊರಲ್ಲಿ ಮಾತ್ರವಾ, ರಾಯಚೂರು, ಕೊಪ್ಪಳದಲ್ಲೂ ಹೀಗೇನಾ? ಇನ್ನೊಂದು ಮಾತು. ನಮ್ಮ ಆಸ್ಪತ್ರೆಯಲ್ಲಿ ಒಂದು ಡೀಪ್ ಫ್ರೀಜರ್ ಸುಮ್ನೆ ಖಾಲಿ ಬಿದ್ದಿದೆ. ಹೆಡ್ ಅನ್ನು ಸ್ಟೆರೈಲ್ ಡಬ್ಬಿಯಲ್ಲಿ ಹಾಕಿ ಅದರಲ್ಲಿ ಇಟ್ಟುಕೊಂಡರೆ ಆಗಲ್ವಾ?

ಸಿಂಧನೂರು_ಆರ್ಥೋ

ಕೊನೆಯ ಪ್ರಶ್ನೆಯಿಂದ ಶುರು ಮಾಡುತ್ತೇನೆ. ಆ ಫ್ರೀಜರ್ ವಿಚಾರ ಬಿಟ್ಟುಬಿಡಿ. ನಿಮ್ಮ ಸರ್ ಹೂಂ ಅಂದರೂ ಬೇಡ.

ಯಾಕೆ ಅಂತ ಹೇಳುತ್ತೇನೆ. 1985ರಲ್ಲಿ ಅಮೆರಿಕದಲ್ಲಿ ಗುಂಡೇಟಿನಿಂದ ಸತ್ತ ಒಬ್ಬ ಯುವಕನ ಅಂಗಾಂಗ, ಎಲುಬು ಎಲ್ಲ ದಾನವಾದವು. ಎಚ್‌ಐವಿ ಟೆಸ್ಟ್ ಮಾಡಿಯೇ ತೆಗೆದುಕೊಂಡಿದ್ದರು, ನೆಗೆಟಿವ್ ಬಂದಿತ್ತು. ಆದರೆ ಅವನಿಗೆ ಸೋಂಕು ಹೊಸದಾಗಿ ತಗುಲಿತ್ತು, ಆಗಿನ ಟೆಸ್ಟ್‌ಗೆ ಸಿಗಲಿಲ್ಲ. ವಿಷಯ ಗೊತ್ತಾಗಿದ್ದು ವರ್ಷಗಳ ಮೇಲೆ. ವರದಿ ಬಂದಿದ್ದು 1992ರಲ್ಲಿ. ಅವನ ಅಂಗ ಪಡೆದ ನಾಲ್ವರಿಗೂ ಎಚ್‌ಐವಿ ಬಂದಿತ್ತು. ಹಾಗೇ ಫ್ರೀಜ್ ಮಾಡಿ ಇಟ್ಟಿದ್ದ ಎಲುಬನ್ನು ಪಡೆದ ಮೂವರಿಗೂ ಬಂದಿತ್ತು. ತೊಳೆದು, ಒಣಗಿಸಿ, ಸಂಸ್ಕರಿಸಿದ ತುಂಡು ಪಡೆದವರಲ್ಲಿ ಪರೀಕ್ಷೆಗೆ ಸಿಕ್ಕ ಯಾರಿಗೂ ಬರಲಿಲ್ಲ. ನೀವು ಹೇಳುತ್ತಿರುವ ಡಬ್ಬಿ, ಫ್ರೀಜರ್ ಪದ್ಧತಿ ಇದೆಯಲ್ಲ, ಅದು ಆ ಮೂವರ ಎಲುಬಿನ ಸಾಲಿಗೆ ಸೇರುತ್ತದೆ.

ಈಗ ಟೆಸ್ಟ್‌ಗಳು ಸುಧಾರಿಸಿವೆ. ಆದರೂ ಬದುಕಿರುವ ದಾನಿಯಿಂದ ಹೆಡ್ ತೆಗೆದರೆ ಸರಿಯಾದ ಬ್ಯಾಂಕ್ ಅದನ್ನು ತಕ್ಷಣ ಬಳಸುವುದಿಲ್ಲ. ಪಕ್ಕಕ್ಕೆ ಇಟ್ಟು, ಸುಮಾರು 180 ದಿನ ಆದ ಮೇಲೆ ಆ ಅಜ್ಜಿಯನ್ನು ಕರೆಸಿ ಎಚ್‌ಐವಿ, ಹೆಪಟೈಟಿಸ್ ಬಿ, ಸಿ, ಸಿಫಿಲಿಸ್ ಮತ್ತೆ ಟೆಸ್ಟ್ ಮಾಡಿ, ಆಮೇಲೆ ಬಿಡುಗಡೆ ಮಾಡುತ್ತದೆ. ನಮ್ಮ ಕಡೆ ಹಿಪ್ ಆದ ಅಜ್ಜಿ ಹೊಲಿಗೆ ಬಿಚ್ಚಿಸಲು ಬಂದರೆ ಅದೇ ದೊಡ್ಡದು. ಆರು ತಿಂಗಳ ಮೇಲೆ ರಕ್ತ ಕೊಡಲು ದೇವದುರ್ಗದ ಹಳ್ಳಿಯಿಂದ ಬಸ್ ಹತ್ತಿ ಬರುತ್ತಾಳಾ? ಬ್ಯಾಂಕ್ ಅಂದರೆ ಫ್ರೀಜರ್ ಅಲ್ಲ, ಈ ಹಿಂಬಾಲಿಸುವ ಕೆಲಸ.

ಫ್ರೀಜರ್ ಕೂಡ ಸಾಮಾನ್ಯದ್ದು ಆಗಲ್ಲ. ಮಾಮೂಲಿ ಡೀಪ್ ಫ್ರೀಜರ್ ಮೈನಸ್ 20 ಡಿಗ್ರಿ. ಅದರಲ್ಲಿ ಎಲುಬನ್ನು ಕೆಲವು ತಿಂಗಳು ಮಾತ್ರ ಇಡಬಹುದು. ವರ್ಷಗಟ್ಟಲೆ ಇಡಲು ಮೈನಸ್ 80 ಬೇಕು.

ಮೇಲಿಂದ ಕಾನೂನು. 1994ರ ಅಂಗಾಂಗ ಕಸಿ ಕಾಯ್ದೆಗೆ 2011ರಲ್ಲಿ ತಿದ್ದುಪಡಿ ಬಂದು ಟಿಶ್ಯೂಗಳೂ ಅದರೊಳಗೆ ಸೇರಿದವು, ನಿಯಮಗಳು 2014ರಲ್ಲಿ ಬಂದವು. ಎಲುಬು ಕೂಡ ಟಿಶ್ಯೂ. ನೋಂದಣಿ ಇಲ್ಲದೆ ಟಿಶ್ಯೂ ಬ್ಯಾಂಕ್ ನಡೆಸುವ ಹಾಗಿಲ್ಲ. ನಮ್ಮ ಸುತ್ತಮುತ್ತ ಮಾತಾಡುವಾಗ ಎಷ್ಟೋ ಆರ್ಥೋದವರು ಈ ಕಾಯ್ದೆ ಕಿಡ್ನಿ, ಲಿವರ್‌ಗೆ ಮಾತ್ರ ಅಂತಲೇ ನಂಬಿದ್ದಾರೆ.

ಈಗ ರಿಜೆಕ್ಟ್ ವಿಚಾರ. ಕಿಡ್ನಿ ರಿಜೆಕ್ಟ್ ಆಗುವ ಹಾಗೆ ಎಲುಬು ಆಗುವುದಿಲ್ಲ. ತೊಳೆದು ಒಣಗಿಸಿದ ಎಲುಬಿನಲ್ಲಿ ಜೀವಂತ ಕೋಶಗಳೇ ಇರುವುದಿಲ್ಲ, ಮಜ್ಜೆ, ಕೊಬ್ಬು ಎಲ್ಲ ಹೋಗಿರುತ್ತದೆ. ಉಳಿಯುವುದು ಖನಿಜ ಮತ್ತು ಕೊಲಾಜೆನ್‌ನ ಹಂದರ. ರೋಗಿಯ ಸ್ವಂತ ಕೋಶಗಳು ಅದರ ಮೇಲೆ ಹತ್ತಿಕೊಂಡು ನಿಧಾನವಾಗಿ ಹೊಸ ಎಲುಬು ಕಟ್ಟುತ್ತವೆ, ಹಳೆಯದು ಕರಗುತ್ತದೆ. ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ಬೇಕಿಲ್ಲ. ಗಾಮಾ ಅಂದರೂ ಹೆದರಬೇಕಿಲ್ಲ. ಸಾಮಾನ್ಯವಾಗಿ 25 ಕಿಲೋಗ್ರೇ (ವಿಕಿರಣದ ಅಳತೆ) ಕೊಡುತ್ತಾರೆ. ಕಿರಣ ಹಾದುಹೋಗುತ್ತದೆ ಅಷ್ಟೇ, ಎಲುಬಿನಲ್ಲಿ ವಿಕಿರಣ ಉಳಿಯುವುದಿಲ್ಲ. ನಿಮ್ಮ ಆ ಮೂರನೇ ಡಾಕ್ಟರ್ ದಿನಾ ಬಿಚ್ಚುವ ಸಿರಿಂಜ್, ಹೊಲಿಗೆ ದಾರಗಳಲ್ಲಿ ಎಷ್ಟೋ ಗಾಮಾದಲ್ಲೇ ಸ್ಟೆರೈಲ್ ಆಗಿ ಬಂದಿರುತ್ತವೆ. ನಿಜವಾದ ಕೊರತೆ ಬೇರೆ. ಒಣಗಿಸಿ ಗಾಮಾ ಕೊಟ್ಟ ಎಲುಬಿನ ಗಟ್ಟಿತನ ಕಡಿಮೆಯಾಗುತ್ತದೆ. ಗುಳಿ ತುಂಬಲು ಆಗುತ್ತದೆ, ಭಾರ ಹೊರುವ ಜಾಗದಲ್ಲಿ ಅದನ್ನೇ ನಂಬಬಾರದು.

ಇನ್ನು ನಿಮ್ಮ ಲಾರಿ ಡ್ರೈವರ್. ಬೇಜಾರಾಗಬೇಡಿ, ಅವನಿಗೆ ನಾನಾದರೂ ಸೊಂಟದಿಂದಲೇ ತೆಗೆಯುತ್ತೇನೆ. ಕೂಡದೆ ಉಳಿದ ಎಲುಬಿಗೆ ಬೇಕಾದದ್ದು ಹಂದರ ಮಾತ್ರ ಅಲ್ಲ. ಜೀವಂತ ಕೋಶ ಬೇಕು, ಎಲುಬು ಬೆಳೆಯಲು ಪ್ರಚೋದನೆ ಬೇಕು. ಎರಡೂ ಸ್ವಂತ ಎಲುಬಿನಲ್ಲಿ ಇರುತ್ತವೆ, ಬ್ಯಾಂಕಿನದರಲ್ಲಿ ಕೋಶ ಸತ್ತಿರುತ್ತದೆ. ಹಾಗಾಗಿ ನಾನ್‌ಯೂನಿಯನ್‌ಗೆ (ಎಲುಬು ಕೂಡದ ಕೇಸ್‌ಗೆ) ಇವತ್ತಿಗೂ ಸೊಂಟದ ಎಲುಬೇ ಮೊದಲು. ತೀರಾ ದೊಡ್ಡ ಗ್ಯಾಪ್ ಇದ್ದರೆ ಅದಕ್ಕೆ ಬ್ಯಾಂಕ್ ಎಲುಬು ಬೆರೆಸಿ ಪ್ರಮಾಣ ಹೆಚ್ಚಿಸಿಕೊಳ್ಳಬಹುದು.

ಬ್ಯಾಂಕ್ ಎಲುಬು ನಿಜವಾಗಿ ಬೇಕಾಗುವ ಕೇಸ್‌ಗಳು ಬೇರೆ. ಮೊಣಕಾಲ ಹತ್ತಿರ ಜಯಂಟ್ ಸೆಲ್ ಟ್ಯೂಮರ್ (ಎಲುಬಿನೊಳಗೆ ಬೆಳೆಯುವ ಒಂದು ಗೆಡ್ಡೆ) ಕೆರೆದು ತೆಗೆದ ಮೇಲೆ ಮುಷ್ಟಿ ಹಿಡಿಸುವಷ್ಟು ಗುಳಿ ಉಳಿಯುತ್ತದೆ. ಚಿಕ್ಕ ಮಕ್ಕಳ ಎಲುಬಿನಲ್ಲಿ ಸಿಸ್ಟ್ (ನೀರು ತುಂಬಿದ ಪೊಳ್ಳು) ಇರುತ್ತದೆ, ಆ ಮಗುವಿನ ಸೊಂಟದಿಂದ ತೆಗೆಯಲು ಏನಿರುತ್ತದೆ ಹೇಳಿ? ಹಿಂದೆ ಹಾಕಿದ ಕೃತಕ ಹಿಪ್ ಸಡಿಲವಾಗಿ, ಅದರ ಕಪ್ ಹಿಂದಿನ ಎಲುಬು ಸವೆದುಹೋದ ಕೇಸ್ ಬರುತ್ತವೆ. ಅಂಥ ಕಡೆ ನಾವು ಎಲುಬಿಗೆ ಹಾಕುವ ಸಿಮೆಂಟೋ ದುಬಾರಿ ಸಿಂಥೆಟಿಕ್ ಗ್ರಾಫ್ಟೋ ಹಾಕಿ ಸುಧಾರಿಸುತ್ತೇವೆ, ಇಲ್ಲ ಬೆಂಗಳೂರಿಗೋ ಹೈದರಾಬಾದಿಗೋ ಕಳಿಸುತ್ತೇವೆ.

ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯಲ್ಲಿ 1988ರಿಂದ ಟಿಶ್ಯೂ ಬ್ಯಾಂಕ್ ಇದೆ. ಒಣಗಿಸಿ ಗಾಮಾ ಕೊಟ್ಟ ಎಲುಬು ಸೀಲ್ ಮಾಡಿದ ಪ್ಯಾಕ್‌ನಲ್ಲಿ ಬರುತ್ತದೆ, ಐಸ್ ಬೇಕಿಲ್ಲ, ಮಾಮೂಲಿ ಕಪಾಟಿನಲ್ಲೇ ಇಡಬಹುದು. ಟೇಬಲ್ ಮೇಲೆ ಸಲೈನ್‌ನಲ್ಲಿ ನೆನೆಸಿ ಬಳಸುವುದು. ಅಂದರೆ ನಮ್ಮಂಥ ಊರಿಗೆ ಬೇಕಾಗಿರುವುದು ಸ್ವಂತ ಬ್ಯಾಂಕ್ ಅಲ್ಲ, ಇರುವ ಬ್ಯಾಂಕಿಗೆ ಒಂದು ಪತ್ರ ಬರೆಯುವ ಅಭ್ಯಾಸ. ನಾನು ಪಿಜಿ ಮಾಡಿದ ಕಡೆ ಆ ಪ್ಯಾಕ್ ನೋಡಿದ್ದೆ, ಅದಕ್ಕೇ ಗೊತ್ತು. ನೋಡದವರಿಗೆ ಪುಸ್ತಕದ ಒಂದೂವರೆ ಪುಟವೇ ಗತಿ.

ಅಂದಹಾಗೆ ನಿಮ್ಮ ತಲೆಗೆ ಬಂದದ್ದು ಹೊಸದೇನಲ್ಲ. ಸ್ಕಾಟ್‌ಲೆಂಡಿನ ಗ್ಲಾಸ್ಗೋದಲ್ಲಿ ವಿಲಿಯಂ ಮೆಕ್‌ಯೂವನ್ ಅನ್ನುವ ಸರ್ಜನ್ 1880ರ ಆಸುಪಾಸಿನಲ್ಲಿ ಒಂದು ಹುಡುಗನ ತೋಳಿನ ಎಲುಬನ್ನು ಮತ್ತೆ ಕಟ್ಟಿದ. ಸೋಂಕಿನಿಂದ ಎಲುಬು ಹಾಳಾಗಿತ್ತು. ಅವನು ಬಳಸಿದ್ದು ರಿಕೆಟ್ಸ್ ಬಂದ ಬೇರೆ ಮಕ್ಕಳ ಡೊಂಕು ಕಾಲು ನೆಟ್ಟಗೆ ಮಾಡುವಾಗ ಕತ್ತರಿಸಿ ತೆಗೆದ ತುಂಡುಗಳನ್ನು. ಅವೂ ಕಸಕ್ಕೆ ಹೋಗಬೇಕಾದವೇ.

ರಾಯಚೂರು_ಬ್ಲಡ್‌ಬ್ಯಾಂಕ್

ಡಾಕ್ಟ್ರು ಹೇಳಿದ ಫ್ರೀಜರ್ ಮಾತಿಗೆ ನನ್ನದೂ ಒಂದು ಕೈ. ನಾನು ರಕ್ತನಿಧಿಯಲ್ಲಿ ಕೆಲಸ ಮಾಡುವವಳು. ಶಕ್ತಿನಗರದ ವಿದ್ಯುತ್ ಸ್ಥಾವರದ ಚಿಮಣಿ ಕಾಣುವ ದೂರದಲ್ಲೇ ಇದ್ದೀವಿ, ಆದರೂ ಏಪ್ರಿಲ್, ಮೇನಲ್ಲಿ ಕರೆಂಟ್ ಯಾವಾಗ ಹೋಗುತ್ತೋ ಅಂತ ಕಾಯುವುದೇ ಕೆಲಸ. ಹೊರಗೆ 42 ಡಿಗ್ರಿ ಇದ್ದಾಗ ಮೈನಸ್ 80 ಕಾಯ್ದುಕೊಳ್ಳುವುದು ಅಂದರೆ ಜನರೇಟರ್, ಅಲಾರಂ, ಇನ್ನೊಂದು ಸ್ಪೇರ್ ಫ್ರೀಜರ್, ರಾತ್ರಿ ಪಾಳಿಯಲ್ಲೂ ತಾಪಮಾನ ಬರೆದಿಡುವ ಜನ. ಇಷ್ಟಿಲ್ಲದೆ ಯಾರೂ ಕೈ ಹಾಕಬಾರದು.

ನಮ್ಮ ಹತ್ತಿರ ಆರ್ಥೋದಿಂದ ಬರುವ ಪ್ರಶ್ನೆ ಒಂದೇ: ‘ಬೇರೆಯವರ ಎಲುಬಿಗೆ ರಕ್ತದ ಗುಂಪು ಹೊಂದಬೇಕಾ?’ ಎಬಿಒ (ಎ, ಬಿ, ಒ ಗುಂಪು) ಹೊಂದಿಸುವ ಪದ್ಧತಿ ಇಲ್ಲ. ಆದರೆ ಒಂದು ಸೂಕ್ಷ್ಮ ಇದೆ, ಅದು ಯಾರಿಗೂ ನೆನಪಿರಲ್ಲ. ಹಾಗೇ ಫ್ರೀಜ್ ಮಾಡಿದ ಹೆಡ್‌ನಲ್ಲಿ ಮಜ್ಜೆ, ಕೆಂಪು ಕಣ ಉಳಿದಿರುತ್ತವೆ. ದಾನಿ ಆರ್‌ಎಚ್ ಪಾಸಿಟಿವ್, ಪಡೆಯುವವಳು ಆರ್‌ಎಚ್ ನೆಗೆಟಿವ್ ಹೆಂಗಸು, ಇನ್ನೂ ಮಕ್ಕಳಾಗುವ ವಯಸ್ಸು ಅಂದರೆ ಅವಳ ರಕ್ತದಲ್ಲಿ ಆಂಟಿಬಾಡಿ ಹುಟ್ಟಬಹುದು. ಮುಂದೆ ಬಸಿರಾದಾಗ ಮಗುವಿಗೆ ತೊಂದರೆ. ತೊಳೆದು ಒಣಗಿಸಿದ ಎಲುಬಿನಲ್ಲಿ ಈ ತಲೆನೋವು ಬಹಳ ಕಡಿಮೆ.

ಇನ್ನೊಂದು ಟಿಬಿ. 2021ರಲ್ಲಿ ಅಮೆರಿಕದಲ್ಲಿ ಒಬ್ಬ ದಾನಿಯ ಎಲುಬಿನಿಂದ ಮಾಡಿದ, ಜೀವಂತ ಕೋಶ ಇರುವ ಗ್ರಾಫ್ಟ್‌ನಿಂದ ಟಿಬಿ ಹರಡಿತು. ನೂರಕ್ಕೂ ಹೆಚ್ಚು ಜನರಿಗೆ ಅದನ್ನು ಹಾಕಿದ್ದರು, ಬಹುತೇಕ ಬೆನ್ನಿನ ಆಪರೇಷನ್‌ನವರು. ಅಲ್ಲಿ ಟಿಬಿ ಅಪರೂಪ. ನಮ್ಮಲ್ಲಿ ದಾನಿಗೆ ‘ಕೆಮ್ಮಿತ್ತಾ, ಮನೆಯಲ್ಲಿ ಯಾರಿಗಾದರೂ ಟಿಬಿ ಮಾತ್ರೆ ನಡೀತಿತ್ತಾ’ ಅಂತ ಕೇಳದೆ ಹೆಡ್ ತೆಗೆದುಕೊಂಡರೆ ಏನಾದೀತು ಯೋಚಿಸಿ.

ಇಂಪ್ಲಾಂಟ್_ಕೊಪ್ಪಳ

ನಾನು ಇಂಪ್ಲಾಂಟ್ ಸಪ್ಲೈ ಮಾಡುವವನು. ಕೊಪ್ಪಳ, ಗಂಗಾವತಿ, ಸಿಂಧನೂರು ಕಡೆ ಓಡಾಟ. ಇಲ್ಲಿ ಬರೆಯಬೇಕೋ ಬೇಡವೋ ಅಂದುಕೊಂಡೆ. ನನ್ನ ಹೊಟ್ಟೆಗೆ ನಾನೇ ಹೊಡೆದುಕೊಂಡ ಹಾಗಲ್ವಾ? ಇರಲಿ.

ಡಾಕ್ಟರ್‌ಗಳಿಗೆ ಯಾಕೆ ಗೊತ್ತಿಲ್ಲ ಅಂತ ನಾನು ಹೇಳುತ್ತೇನೆ. ಹೊಸ ಪ್ಲೇಟ್ ಬಂದರೆ ನಾನು ಬ್ಯಾಗ್ ಹಿಡಿದು ಹೋಗಿ ತೋರಿಸುತ್ತೇನೆ. ಹೊಸ ಸಿಂಥೆಟಿಕ್ ಗ್ರಾನ್ಯೂಲ್ ಬಂದರೆ ಕಂಪನಿಯವರು ಹೋಟೆಲಲ್ಲಿ ಮೀಟಿಂಗ್ ಇಟ್ಟು, ಊಟ ಹಾಕಿ, ಸ್ಲೈಡ್ ತೋರಿಸುತ್ತಾರೆ. ಮನುಷ್ಯನ ಎಲುಬನ್ನು ಲಾಭಕ್ಕೆ ಮಾರುವ ಹಾಗಿಲ್ಲ. ಬ್ಯಾಂಕಿನವರು ಸಂಸ್ಕರಣೆಯ ಖರ್ಚು ತೆಗೆದುಕೊಳ್ಳುತ್ತಾರೆ ಅಷ್ಟೇ. ಅಂದ ಮೇಲೆ ಅದಕ್ಕೆ ರೆಪ್ (ಮಾರಾಟ ಪ್ರತಿನಿಧಿ) ಯಾರು? ಯಾರೂ ಇಲ್ಲ. ಯಾರೂ ಬಂದು ಹೇಳದ ವಸ್ತು ಡಾಕ್ಟರ್ ತಲೆಯಲ್ಲಿ ಎಷ್ಟು ದಿನ ಉಳಿಯುತ್ತದೆ?

ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ ‘ನಾಳೆ ಬೆಳಿಗ್ಗೆ ಒಂದು ಟ್ಯೂಮರ್ ಕೇಸ್ ಇದೆ, ಏನಾದ್ರೂ ತುಂಬೋಕೆ ಕಳ್ಸು’ ಅಂತಾರೆ. ನಾನು ಕ್ಯಾಲ್ಸಿಯಂ ಸಲ್ಫೇಟೋ ಹೈಡ್ರಾಕ್ಸಿಅಪಟೈಟೋ ಇರುವುದನ್ನು ಬೆಳಿಗ್ಗೆ ಆರಕ್ಕೆ ಮುಟ್ಟಿಸುತ್ತೇನೆ. ಸಣ್ಣ ವೈಯಲ್‌ಗೇ ಸಾವಿರಾರು ರೂಪಾಯಿ. ಬ್ಯಾಂಕ್‌ನಿಂದ ತರಿಸಬೇಕಾದರೆ ಮೊದಲೇ ಪ್ಲಾನ್ ಬೇಕು, ಪತ್ರ ಬೇಕು, ಯಾವ ರೋಗಿಗೆ ಹಾಕಿದಿರಿ ಅಂತ ಲೆಕ್ಕ ಕೊಡಬೇಕು. ಡಾಕ್ಟ್ರಿಗೆ ಗೊತ್ತಿಲ್ಲ ಅನ್ನುವುದು ಅರ್ಧ ನಿಜ. ನನಗೆ ಫೋನ್ ಮಾಡುವುದು ಸುಲಭ, ಅದು ಇನ್ನರ್ಧ.

ಸಿಂಧನೂರು_ಆರ್ಥೋ

@ಇಂಪ್ಲಾಂಟ್_ಕೊಪ್ಪಳ, ರಾತ್ರಿ ಹನ್ನೊಂದಕ್ಕೆ ಫೋನ್ ಮಾಡುವವರಲ್ಲಿ ನಾನೂ ಇದ್ದೇನೆ ಅಂತ ಕಾಣುತ್ತದೆ 😀 ಆದರೆ ಟ್ಯೂಮರ್ ಕೇಸ್ ಯಾವತ್ತೂ ಎಮರ್ಜೆನ್ಸಿ ಅಲ್ಲ. ಬಯಾಪ್ಸಿ ಕಳಿಸಿ ರಿಪೋರ್ಟ್ ಬರುವವರೆಗೆ ದಿನಗಳಿರುತ್ತವೆ. ಪತ್ರ ಬರೆಯಲು ಅಷ್ಟು ಸಮಯ ಸಾಲದೇ?

ಪಿಜಿ_ಎರಡನೇವರ್ಷ

ನಾನು ಈ ಭಾಗದ್ದೇ ಒಂದು ಮೆಡಿಕಲ್ ಕಾಲೇಜಿನಲ್ಲಿ ಎಂಎಸ್ ಆರ್ಥೋ ಎರಡನೇ ವರ್ಷ. ಬಳ್ಳಾರಿ, ರಾಯಚೂರು, ಕೊಪ್ಪಳದ ಆರ್ಥೋದವರಿಗೆ ಎಲುಬು ಬ್ಯಾಂಕ್, ಗ್ರಾಫ್ಟ್ ಬಗ್ಗೆ ಎಷ್ಟು ಗೊತ್ತು ಅಂತ ಒಂದು ಸಮೀಕ್ಷೆ ಮಾಡಬೇಕು ಅಂತಿದ್ದೆ. ಈ ಥ್ರೆಡ್ ಸಿಕ್ಕಿದ್ದು ಒಳ್ಳೇದಾಯ್ತು. ‘ಎಲುಬು ಬ್ಯಾಂಕ್ ಬಗ್ಗೆ ಕೇಳಿದ್ದೀರಾ’, ‘ಅಲೋಗ್ರಾಫ್ಟ್ (ಬೇರೆಯವರ ಎಲುಬು) ಬಳಸಲು ಇಷ್ಟವಿದೆಯೇ’ ಅಂತ ಪ್ರಶ್ನೆ ಬರೆದುಕೊಂಡಿದ್ದೇನೆ. ಇನ್ನೇನು ಕೇಳಬಹುದು ಸರ್?

ಸಿಂಧನೂರು_ಆರ್ಥೋ

ತಮ್ಮಾ, ಆ ಎರಡಕ್ಕೂ ಎಲ್ಲರೂ ‘ಹೌದು’ ಅಂತಾರೆ. ಇಲ್ಲ ಅಂತ ಬರೆಯಲು ಯಾವ ಆರ್ಥೋಗೆ ಮನಸ್ಸು ಬರುತ್ತದೆ? ನಿನ್ನ ಪಟ್ಟಿಯಲ್ಲಿ ನೂರಕ್ಕೆ ತೊಂಬತ್ತು ಜನ ಜಾಣರು ಅಂತ ಬರುತ್ತದೆ, ಹಳದಿ ಕವರ್ ಅಲ್ಲೇ ಇರುತ್ತದೆ.

ಗೊತ್ತಿದೆ ಅನ್ನುವುದನ್ನು ಬಿಚ್ಚಿ ಕೇಳು. ನೋಂದಣಿ ಆದ ಒಂದು ಬ್ಯಾಂಕಿನ ಹೆಸರು ಬರೆಯಿರಿ ಅನ್ನು. ಜಾಗ ಖಾಲಿ ಬಿಡು, ಟಿಕ್ ಹಾಕುವ ಆಯ್ಕೆ ಕೊಡಬೇಡ. ಗಾಮಾ ಕೊಟ್ಟ ಎಲುಬಿನಿಂದ ವಿಕಿರಣ ಹೊರಡುತ್ತದೆಯೇ ಅಂತ ಕೇಳು. ಎಲುಬು ಕಸಿ ಕಾಯ್ದೆಯೊಳಗೆ ಬರುತ್ತದೆಯೇ ಅಂತ ಕೇಳು. ಬ್ಲಡ್‌ಬ್ಯಾಂಕ್ ಮೇಡಂ ಹೇಳಿದ ಆರ್‌ಎಚ್ ಪ್ರಶ್ನೆಯನ್ನು ತಪ್ಪದೇ ಹಾಕು, ಅದರಲ್ಲಿ ನಾನೂ ಎಡವಬಹುದಿತ್ತು. ಹೋದ ವರ್ಷ ಎಷ್ಟು ಹೆಡ್ ತೆಗೆದಿರಿ, ಅವು ಎಲ್ಲಿಗೆ ಹೋದವು ಅಂತ ಒಂದು ಪ್ರಶ್ನೆ ಇರಲಿ. ಉತ್ತರ ಗೊತ್ತೇ ಇದೆ, ಆದರೂ ಅವರ ಕೈಯಲ್ಲೇ ಬರೆಸು.

ಸೊಂಟದ ಬಗ್ಗೆಯೂ ಕೇಳು. ಗ್ರಾಫ್ಟ್ ತೆಗೆದ ಮೇಲೆ ಆ ಜಾಗದ ನೋವು, ತೊಡೆಯ ಹೊರಬದಿ ಜೋಮು, ರಕ್ತ ಗಡ್ಡೆ, ಇವನ್ನು ಫೈಲ್‌ನಲ್ಲಿ ಯಾರಾದರೂ ಬರೆಯುತ್ತಾರಾ ಅಂತ. ನಾವು ಕಾಲಿನ ಎಕ್ಸ್‌ರೇ ನೋಡಿ ಖುಷಿಯಾಗಿ ಕಳಿಸುತ್ತೇವೆ. ಸೊಂಟದ ಮಾತು ಡ್ರೆಸ್ಸಿಂಗ್ ರೂಮಿನಲ್ಲೇ ಉಳಿಯುತ್ತದೆ, ಅದು ಈ ಬಳ್ಳಾರಿಯವರಂಥವರಿಗೆ ಮಾತ್ರ ಗೊತ್ತು.

ಕುಷ್ಟಗಿ_ಮಗಳು

ನಾನು ವೈದ್ಯಕೀಯದವಳಲ್ಲ, ಸ್ಕೂಲ್ ಟೀಚರ್. ನಮ್ಮವ್ವನಿಗೆ ಹಿಪ್ ಆಪರೇಷನ್ ಆಗಿದೆ, ಅದಕ್ಕೇ ಓದುತ್ತಾ ಬಂದೆ. ಒಳಗಿನ ಎಲುಬು ಏನಾಯಿತು ಅಂತ ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ. ಬೇರೆಯವರಿಗೆ ಆಗುತ್ತೆ ಅಂದಿದ್ದರೆ ಅವ್ವ ‘ತಗೋಳ್ರಿ’ ಅಂತಿದ್ದಳು, ಅವಳ ಸ್ವಭಾವವೇ ಹಾಗೆ. ನಮ್ಮ ದೊಡ್ಡಪ್ಪ ಇದ್ದಿದ್ದರೆ ಮಾತ್ರ ‘ಮಣ್ಣಿಗೆ ಹೋಗುವಾಗ ಮೈ ಪೂರ್ತಿ ಇರಬೇಕು’ ಅಂತ ಗಲಾಟೆ ಮಾಡುತ್ತಿದ್ದರು. ಅದಂತೂ ಹೇಗೂ ಸುಡುವ ಕವರ್‌ಗೆ ಹೋಯಿತಲ್ಲ!

ನನ್ನ ಪ್ರಶ್ನೆ ಎರಡು. ನಮ್ಮ ಕಡೆ ಬೋರ್ ನೀರಲ್ಲಿ ಫ್ಲೋರೈಡ್ ಜಾಸ್ತಿ. ಹಲ್ಲು ಕಂದು, ನಡು ಬಗ್ಗದ ಜನ ಎಷ್ಟೋ ಇದ್ದಾರೆ. ಅಂಥವರ ಎಲುಬು ಆಗುತ್ತಾ? ಎರಡನೇದು, ಸತ್ತ ಮೇಲೆ ಎಲುಬು ದಾನ ಮಾಡಿದರೆ ಮೈ ಹೇಗೆ ಕಾಣುತ್ತೆ? ಮನೆಯವರು ಕೇಳುವುದು ಅದನ್ನೇ.

ಸಿಂಧನೂರು_ಆರ್ಥೋ

ಅಕ್ಕಾ, ಎರಡೂ ಒಳ್ಳೇ ಪ್ರಶ್ನೆ. ಮೊದಲನೆಯದನ್ನು ನಮ್ಮ ಮೂರು ಜಿಲ್ಲೆಯವರು ಕೇಳಲೇಬೇಕು. ಕುಡಿಯುವ ನೀರಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ವರ್ಷಗಟ್ಟಲೆ ಅದಕ್ಕಿಂತ ಹೆಚ್ಚು ಕುಡಿದರೆ ಫ್ಲೋರೈಡ್ ಎಲುಬಿನ ಖನಿಜದಲ್ಲೇ ಸೇರಿಕೊಳ್ಳುತ್ತದೆ. ಎಕ್ಸ್‌ರೇಯಲ್ಲಿ ಅಂಥ ಎಲುಬು ಬೆಳ್ಳಗೆ, ದಟ್ಟವಾಗಿ, ಭಾರೀ ಗಟ್ಟಿ ಇದ್ದಂತೆ ಕಾಣುತ್ತದೆ. ಆದರೆ ಪೆಡಸು, ಬೇಗ ಮುರಿಯುತ್ತದೆ. ಡ್ರಿಲ್ ಹಾಕುವಾಗ ನಮಗೆ ಕೈಗೇ ಗೊತ್ತಾಗುತ್ತದೆ. ಎಲುಬಿನ ಗುಣವೇ ಬದಲಾಗಿರುವ ದಾನಿಯನ್ನು ಬಿಡುವುದು ಸರಿ, ನಾನಾದರೆ ಬಿಡುತ್ತೇನೆ. ನೀರು ಕುಡಿದವರೆಲ್ಲರಿಗೂ ಫ್ಲೋರೋಸಿಸ್ ಇರುವುದಿಲ್ಲ, ಎಕ್ಸ್‌ರೇ ನೋಡಿ ತೀರ್ಮಾನ ಮಾಡಬೇಕು. ಮಲೇರಿಯಾ, ಟಿಬಿ ಕೇಳುವ ಹಾಗೆ ‘ಯಾವ ಊರು, ಎಷ್ಟು ವರ್ಷ ಯಾವ ನೀರು’ ಅನ್ನುವ ಸಾಲು ನಮ್ಮ ಕಡೆಯ ದಾನಿ ಫಾರ್ಮ್‌ನಲ್ಲಿ ಇರಬೇಕು. ಪಿಜಿ ತಮ್ಮ, ಇದನ್ನೂ ಬರೆದುಕೋ.

ಎರಡನೆಯದು. ಸತ್ತವರ ಕೈಕಾಲಿನ ಉದ್ದ ಎಲುಬು ತೆಗೆದರೆ ಆ ಜಾಗಕ್ಕೆ ಕೋಲೋ ಪೈಪೋ ಹಾಕಿ, ಹೊಲಿದು, ಮೊದಲಿನ ಆಕಾರಕ್ಕೆ ತಂದು ಕೊಡುತ್ತಾರೆ. ಬಟ್ಟೆ ತೊಡಿಸಿದರೆ ಗೊತ್ತಾಗುವುದಿಲ್ಲ. ಕಿಡ್ನಿಯ ಹಾಗೆ ಬ್ರೈನ್ ಡೆತ್ ಆಗಿರಬೇಕು ಅಂತೇನಿಲ್ಲ. ಹೃದಯ ನಿಂತ ಮೇಲೂ ಕೆಲವು ಗಂಟೆಗಳ ಒಳಗೆ ತೆಗೆಯಬಹುದು, ಕಣ್ಣಿನ ಹಾಗೆ. ಅಂಗಾಂಗ ದಾನದ ಪ್ರತಿಜ್ಞೆ ಫಾರ್ಮ್‌ನಲ್ಲಿ ಕಣ್ಣು, ಚರ್ಮದ ಜೊತೆ ಎಲುಬಿಗೂ ಒಂದು ಜಾಗ ಇದೆ. ನಮ್ಮ ರಾಜ್ಯದಲ್ಲಿ ಇದನ್ನೆಲ್ಲ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಜೀವಸಾರ್ಥಕತೆ, ಅವರನ್ನು ಕೇಳಬಹುದು.

ಬಳ್ಳಾರಿ_ಓಟಿ

ಎಲ್ಲರಿಗೂ ಥ್ಯಾಂಕ್ಸ್. ಫ್ರೀಜರ್ ಆಸೆ ಬಿಟ್ಟೆ ಡಾಕ್ಟ್ರೇ. ಲಾರಿ ಡ್ರೈವರ್‌ಗೆ ಸೊಂಟದ್ದೇ ಸರಿ ಅಂದದ್ದು ನನಗೆ ಹೊಸದು. ಇನ್ನು ಮೇಲೆ ‘ಸೊಂಟ ಯಾಕೆ ಕೊಯ್ದ್ರಿ’ ಅಂದರೆ ಹೇಳಲು ಒಂದು ಉತ್ತರ ಇದೆ.

ಪಿಜಿ ಸರ್, ನಿಮ್ಮ ಸಮೀಕ್ಷೆಯಲ್ಲಿ ಸರ್ಜನ್‌ಗಳನ್ನು ಮಾತ್ರ ಕೇಳುತ್ತೀರಾ? ಓಟಿ ಟೆಕ್ನಿಷಿಯನ್, ಸ್ಟಾಫ್ ನರ್ಸ್‌ಗಳನ್ನೂ ಸೇರಿಸಿ. ಹೆಡ್ ಟ್ರೇಗೆ ಬಂದ ಮೇಲೆ ಡಾಕ್ಟರ್ ಮತ್ತೆ ಅದರ ಕಡೆ ನೋಡುವುದಿಲ್ಲ. ಅದಕ್ಕೆ ಲೇಬಲ್ ಹಾಕುವುದೋ, ಕಲ್ಚರ್‌ಗೆ ಸ್ವಾಬ್ ತೆಗೆಯುವುದೋ, ಬ್ಯಾಗ್ ಕಟ್ಟುವುದೋ ಎಲ್ಲ ನಮ್ಮ ಕೈಯಲ್ಲಿ. ಮತ್ತೆ ನಿನ್ನೆ ನಮ್ಮ ಆಸ್ಪತ್ರೆಯ ಕನ್ಸೆಂಟ್ ಫಾರ್ಮ್ ತೆಗೆದು ಓದಿದೆ. ‘ತೆಗೆದ ಭಾಗವನ್ನು ಆಸ್ಪತ್ರೆ ವಿಲೇವಾರಿ ಮಾಡಬಹುದು’ ಅಂತ ಒಂದು ಸಾಲು ಇದೆ. ಅಷ್ಟಿದ್ದರೆ ದಾನಕ್ಕೆ ಸಾಕಾ?

ಸಿಂಧನೂರು_ಆರ್ಥೋ

ಸಾಲದು. ವಿಲೇವಾರಿಗೆ ಕೊಟ್ಟ ಒಪ್ಪಿಗೆ ಬೇರೆ, ಇನ್ನೊಬ್ಬರ ಮೈಗೆ ಹಾಕಲು ಕೊಡುವ ಒಪ್ಪಿಗೆ ಬೇರೆ. ದಾನಕ್ಕೆ ಪ್ರತ್ಯೇಕ ಫಾರ್ಮ್ ಬೇಕು, ರಕ್ತ ಪರೀಕ್ಷೆಗೂ ಒಪ್ಪಿಗೆ ಬೇಕು. ಅದೂ ಆಪರೇಷನ್‌ಗೆ ಮೊದಲು, ವಾರ್ಡಿನಲ್ಲಿ ಕೂತು, ಅವರ ಭಾಷೆಯಲ್ಲಿ ಹೇಳಿ. ಬೆನ್ನಿಗೆ ಇಂಜೆಕ್ಷನ್ ಕೊಡಲು ಬಗ್ಗಿಸಿ ಕೂರಿಸಿದಾಗ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದಲ್ಲ. ಓಟಿ ಸಿಬ್ಬಂದಿಯನ್ನು ಸೇರಿಸುವ ಮಾತು ನೂರಕ್ಕೆ ನೂರು ಸರಿ.

ಪಿಜಿ_ಎರಡನೇವರ್ಷ

ಸೇರಿಸ್ತೀನಿ. ಓಟಿಯವರಿಗೆ, ನರ್ಸ್‌ಗಳಿಗೆ ಪ್ರಶ್ನೆಗಳು ಬೇರೆ ಮಾಡಬೇಕು, ಫಾರ್ಮ್ ಕನ್ನಡದಲ್ಲೂ ಇರಬೇಕು. ಎಥಿಕ್ಸ್ ಕಮಿಟಿ ಒಪ್ಪಿದ ಮೇಲೆ ಇಲ್ಲೇ ಹಾಕ್ತೀನಿ. ಅಷ್ಟರಲ್ಲಿ ಗಂಗಾವತಿ, ಲಿಂಗಸುಗೂರು, ಸಿರುಗುಪ್ಪ ಕಡೆ ಪ್ರಾಕ್ಟೀಸ್ ಮಾಡುವ ಆರ್ಥೋದವರು ಯಾರಾದರೂ ಓದುತ್ತಿದ್ದರೆ ಮೆಸೇಜ್ ಮಾಡಿ. ಬ್ಲಡ್‌ಬ್ಯಾಂಕ್ ಮೇಡಂ, ಆರ್‌ಎಚ್ ಪ್ರಶ್ನೆಯನ್ನು ಹೇಗೆ ಬರೆಯಬೇಕು ಅಂತ ನಿಮ್ಮನ್ನೇ ಕೇಳುತ್ತೇನೆ, ನನಗೆ ಅದು ಇನ್ನೂ ಸರಿಯಾಗಿ ಅರ್ಥ ಆಗಿಲ್ಲ.